ಲೆದರ್ ಸೋಫಾ: ಮುಖ ನೋಡಿದ್ದು ಸಾಕು, ಬೆನ್ನು ನೋಡಿ

ಲೆದರ್ ಸೋಫಾ ಮಾರುವವರ ಹತ್ತಿರ ಒಂದು ಹಳೆಯ ಆಟವಿದೆ. ಲೈಟರ್ ಹಚ್ಚಿ, ಅದರ ಉರಿಯನ್ನು ಸೋಫಾದ ಕೈಗೆ ಒಂದೆರಡು ಸೆಕೆಂಡು ತಾಗಿಸಿ ತೆಗೆಯುತ್ತಾರೆ. ಏನೂ ಆಗಿರುವುದಿಲ್ಲ. ‘ನೋಡಿದ್ರಾ ಸಾರ್, ಪ್ಲಾಸ್ಟಿಕ್ ಆಗಿದ್ರೆ ಇಷ್ಟೊತ್ತಿಗೆ ಕರಗಿ ಹೋಗಿರೋದು’ ಅನ್ನುತ್ತಾರೆ. ಪಕ್ಕದಲ್ಲಿ ನಿಂತವರಿಗೂ ಹೌದಲ್ಲ ಅನ್ನಿಸುತ್ತದೆ.

ಈ ಆಟದಿಂದ ಸಾಬೀತಾಗುವುದು ಏನೂ ಇಲ್ಲ. ಕೃತಕ ಲೆದರಿಗೆ ಬಳಸುವ ಪಿವಿಸಿ ಎಂಬ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇರುವುದರಿಂದ ಅದು ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಪೀಠೋಪಕರಣಕ್ಕೆಂದೇ ತಯಾರಾಗುವ ಕೃತಕ ಹಾಳೆಗಳಿಗೆ ಎಷ್ಟೋ ಸಲ ಬೆಂಕಿ ತಡೆಯುವ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಇತ್ತ ಅಸಲಿ ಚರ್ಮದ ಮೇಲೂ ಬಹುಪಾಲು ಒಂದು ತೆಳು ಪ್ಲಾಸ್ಟಿಕ್ ಲೇಪ ಇದ್ದೇ ಇರುತ್ತದೆ, ಉರಿ ಮೊದಲು ತಾಗುವುದು ಅದಕ್ಕೆ. ಅಂದರೆ ಎರಡೂ ಕಡೆ ಬೆಂಕಿ ಮುಟ್ಟಿದ್ದು ಪ್ಲಾಸ್ಟಿಕ್ಕನ್ನೇ.

ಮನೆಯ ಹಿರಿಯರು, ಗೆಳೆಯರು, ಇಂಟರ್ನೆಟ್ ಎಲ್ಲರೂ ಹೇಳಿಕೊಡುವ ಉಳಿದ ಪರೀಕ್ಷೆಗಳ ಗತಿಯೂ ಹೆಚ್ಚುಕಡಿಮೆ ಇದೇ. ಮೂಸಿ ನೋಡಿ, ನೀರು ಹಾಕಿ ನೋಡಿ, ಬೆರಳಿನಿಂದ ಒತ್ತಿ ನೋಡಿ. ಇವೆಲ್ಲ ಸೋಫಾದ ಮುಖವನ್ನು ಪರೀಕ್ಷಿಸುವ ದಾರಿಗಳು. ಕೃತಕ ಲೆದರ್ ಮಾಡುವವರು ಇಷ್ಟು ವರ್ಷ ಪಳಗಿರುವುದೇ ಆ ಮುಖವನ್ನು ಮಾಡುವುದರಲ್ಲಿ. ಅವರು ಅಷ್ಟು ತಲೆ ಕೆಡಿಸಿಕೊಳ್ಳದ ಜಾಗಗಳು ಬೇರೆ ಇವೆ: ಹಿಂಬದಿ, ಕತ್ತರಿಸಿದ ಅಂಚು, ಹೊಲಿಗೆ ಬಿದ್ದಿರುವ ರೀತಿ ಮತ್ತು ಬಿಲ್ಲಿನಲ್ಲಿ ಬರೆದ ಪದ. ನೋಡಬೇಕಾದ್ದು ಅಲ್ಲಿ.

ಒಂದೇ ತೊಗಲು, ಹಲವು ದರ್ಜೆ

ಅಂಚಿನಲ್ಲಿ ಏನು ಕಾಣಬೇಕು ಅಂತ ತಿಳಿಯಲು ಚರ್ಮದ ರಚನೆ ಸ್ವಲ್ಪ ಗೊತ್ತಿರಬೇಕು. ದನ ಎಮ್ಮೆಗಳ ತೊಗಲಿನಿಂದ ಕೂದಲನ್ನೂ ಅತಿ ಮೇಲಿನ ಪೊರೆಯನ್ನೂ ತೆಗೆದ ಮೇಲೆ ಉಳಿಯುವುದು ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ದಟ್ಟ ಹೆಣಿಗೆ. ಮೇಲ್ಭಾಗದಲ್ಲಿ ನಾರು ತೀರ ಸಣ್ಣ, ಒತ್ತೊತ್ತಾಗಿರುತ್ತದೆ. ಕೆಳಕ್ಕೆ ಹೋದ ಹಾಗೆ ದಪ್ಪವಾಗುತ್ತದೆ, ಸಡಿಲವಾಗುತ್ತದೆ. ಇಲ್ಲಿಗೆ ಒಂದು ಪದರ ಮುಗಿಯಿತು, ಇಲ್ಲಿಂದ ಇನ್ನೊಂದು ಶುರುವಾಯಿತು ಎಂದು ಗೆರೆ ಎಳೆದು ತೋರಿಸಲಾಗುವುದಿಲ್ಲ, ಒಂದು ಇನ್ನೊಂದರೊಳಗೆ ಕರಗಿ ಹೋಗಿರುತ್ತದೆ. ಹದ ಮಾಡುವುದೆಂದರೆ ಈ ಹೆಣಿಗೆ ಕೊಳೆಯದ ಹಾಗೆ ಅದನ್ನು ರಾಸಾಯನಿಕವಾಗಿ ಗಟ್ಟಿ ಮಾಡುವುದು.

ದೊಡ್ಡ ದನದ ತೊಗಲು ಹಲವು ಮಿಲಿಮೀಟರ್ ದಪ್ಪ ಇರುತ್ತದೆ. ಸೋಫಾಕ್ಕೆ ಬೇಕಾದ್ದು ಒಂದರಿಂದ ಒಂದೂವರೆ ಮಿಲಿಮೀಟರ್ ಅಷ್ಟೇ. ಹಾಗಾಗಿ ಹರಿತವಾದ ಬ್ಲೇಡಿನ ಯಂತ್ರದಲ್ಲಿ ತೊಗಲನ್ನು ಅಡ್ಡಡ್ಡಲಾಗಿ ಸೀಳುತ್ತಾರೆ. ಮೇಲಿನ ಭಾಗಕ್ಕೆ ಗ್ರೇನ್ ಲೆದರ್ ಎಂದು ಹೆಸರು, ಕೆಳಗಿನದ್ದಕ್ಕೆ ಸ್ಪ್ಲಿಟ್. ಗಟ್ಟಿತನವೆಲ್ಲ ಮೇಲಿನದ್ದರಲ್ಲಿ. ದುಡ್ಡಿನ ವ್ಯತ್ಯಾಸ ಶುರುವಾಗುವುದೂ ಈ ಬ್ಲೇಡಿನಿಂದಲೇ.

ಮೇಲ್ಭಾಗವನ್ನು ಉಜ್ಜದೆ ಹಾಗೇ ಉಳಿಸಿಕೊಂಡರೆ ಅದು ಫುಲ್ ಗ್ರೇನ್. ಪ್ರಾಣಿ ಬದುಕಿದ್ದಾಗ ಆದ ಗೀರು, ಹುಳ ಕಚ್ಚಿದ ಕಲೆ, ಕುತ್ತಿಗೆಯ ಮಡಿಕೆ, ನರದ ಗುರುತು ಎಲ್ಲ ಅದರಲ್ಲಿ ಕಾಣುತ್ತವೆ. ಕಲೆ ಕಡಿಮೆ ಇರುವ ತೊಗಲು ಸಿಗುವುದು ಅಪರೂಪ, ಆದ್ದರಿಂದ ಇದು ದುಬಾರಿ. ಕಲೆ ಹೆಚ್ಚಿದ್ದರೆ ಉಪ್ಪುಕಾಗದದಂಥದ್ದರಿಂದ ಮೇಲ್ಮೈ ಉಜ್ಜಿ, ಬಣ್ಣದ ಲೇಪ ಕೊಟ್ಟು, ಬಿಸಿ ಅಚ್ಚಿನಿಂದ ‘ಚರ್ಮದಂಥ’ ರೇಖೆಗಳನ್ನು ಒತ್ತುತ್ತಾರೆ. ಇದು ಕರೆಕ್ಟೆಡ್ ಗ್ರೇನ್. ಚರ್ಮದ ಮೇಲೇ ಚರ್ಮದ ಚಿತ್ರ ಬರೆಯುವುದು ತಮಾಷೆಯ ಸಂಗತಿ ಹೌದು. ಆದರೂ ಮಕ್ಕಳು ಮರಿ ಇರುವ ಮನೆಗೆ ನನ್ನ ಓಟು ಇದಕ್ಕೇ. ಫುಲ್ ಗ್ರೇನಿಗೆ ಬರೀ ಬಣ್ಣ ಹಿಡಿಸಿ ಲೇಪ ಕೊಡದೆ ಬಿಟ್ಟ ಅನಿಲೀನ್ ಲೆದರ್ ಕೈಗೆ ಬಹಳ ಹಿತ, ಆದರೆ ಕಾಫಿ ಚೆಲ್ಲಿದರೆ ಕುಡಿದುಬಿಡುತ್ತದೆ.

ಕೆಳಗಿನ ಸ್ಪ್ಲಿಟ್‌ಗೆ ಸ್ವಂತ ಮುಖವೇ ಇಲ್ಲ, ಎರಡೂ ಕಡೆ ನಾರುನಾರು. ಹಾಗೇ ಬಿಟ್ಟರೆ ಅದು ಸ್ವೀಡ್. ಅದರ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ದಪ್ಪನಾದ ಪೊರೆ ಅಂಟಿಸಿದರೆ ಬೈಕಾಸ್ಟ್: ಥಳಥಳ ಹೊಳೆಯುತ್ತದೆ, ಹಿಂಬದಿಯಲ್ಲಿ ನಿಜವಾದ ಚರ್ಮವೇ ಕಾಣುತ್ತದೆ, ಆದರೆ ಮಡಿಕೆ ಬೀಳುವ ಜಾಗದಲ್ಲಿ ಪೊರೆ ಬಿರಿಯುತ್ತದೆ. ‘ಜೆನ್ಯೂಯಿನ್ ಲೆದರ್’ ಎಂಬ ಚೀಟಿ ಇಂಥದ್ದರ ಮೇಲೂ ತೂಗಾಡಬಹುದು. ಆ ಎರಡು ಪದ ಹೇಳುವುದು ಒಳಗೆ ಎಲ್ಲೋ ಚರ್ಮ ಇದೆ ಎಂಬಷ್ಟನ್ನೇ. ಯಾವ ಪದರ, ಎಷ್ಟು ಲೇಪ ಎಂದು ಹೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗುವುದು ಬಾಂಡೆಡ್ ಲೆದರಿನಲ್ಲಿ. ಚರ್ಮದ ಕಾರ್ಖಾನೆಯಲ್ಲಿ ಉಳಿದ ಚೂರು, ಹೊಟ್ಟುಗಳನ್ನು ಪುಡಿ ಮಾಡಿ, ಅಂಟಿನಲ್ಲಿ ಕಲಸಿ, ಬಟ್ಟೆ ಅಥವಾ ಕಾಗದದ ಮೇಲೆ ಹರಡಿ, ಮೇಲೊಂದು ಪಾಲಿಯುರೆಥೇನ್ ಪೊರೆ ಹಾಕುತ್ತಾರೆ. ಹಳೆ ಪೇಪರು ಅರೆದು ರಟ್ಟು ಮಾಡಿದ ಹಾಗೆ: ಮೂಲ ನಾರೇನೋ ಅದೇ, ಆದರೆ ಅದಕ್ಕೆ ಬಲ ಕೊಟ್ಟಿದ್ದ ಹೆಣಿಗೆ ಹೋಗಿರುತ್ತದೆ. ಸೋಫಾಕ್ಕೆ ಬಳಸುವ ಇಂಥ ಹಾಳೆಗಳಲ್ಲಿ ಚರ್ಮದ ಪಾಲು ಅನೇಕ ಸಲ ಶೇಕಡಾ 10ರಿಂದ 20ರಷ್ಟು ಮಾತ್ರ. ಹೆಸರಿನಲ್ಲಿ ಮಾತ್ರ ಲೆದರ್ ಪೂರ್ತಿ ಇರುತ್ತದೆ. ಕೆಲವೇ ವರ್ಷದಲ್ಲಿ ಕೂರುವ ಜಾಗದಿಂದ ಹಪ್ಪಳೆಯಾಗಿ ಎದ್ದು ಬರುವುದು ಹೆಚ್ಚಾಗಿ ಇದೇ.

ಉಳಿದದ್ದು ಪೂರ್ತಿ ಕೃತಕ. ನಾವೆಲ್ಲ ರೆಕ್ಸಿನ್ ಎಂದು ಒಟ್ಟಾಗಿ ಕರೆಯುವುದರಲ್ಲಿ ಈಗ ಮುಖ್ಯವಾಗಿ ಎರಡು ಬಗೆ, ಬಟ್ಟೆಯ ಮೇಲೆ ಪಿವಿಸಿ ಅಥವಾ ಬಟ್ಟೆಯ ಮೇಲೆ ಪಾಲಿಯುರೆಥೇನ್. ಎರಡನೆಯದನ್ನೇ ಪಿಯು ಲೆದರ್, ಲೆದರೆಟ್, ವೀಗನ್ ಲೆದರ್ ಎಂದೆಲ್ಲ ಕರೆಯುವುದು. ಅನಾನಸು, ಕಳ್ಳಿ, ಅಣಬೆಗಳಿಂದ ಮಾಡಿದ್ದು ಎಂದು ಹೇಳಿಕೊಳ್ಳುವ ಹೊಸ ಬಗೆಗಳೂ ಬಂದಿವೆ, ಅವುಗಳಲ್ಲಿ ಹಲವಕ್ಕೆ ಅಂಟಾಗಿಯೋ ಲೇಪವಾಗಿಯೋ ಇದೇ ಪಾಲಿಯುರೆಥೇನ್ ಬೇಕು. ಇವೆಲ್ಲಕ್ಕಿಂತ ಮೇಲಿನ ದರ್ಜೆಯದು ಮೈಕ್ರೋಫೈಬರ್ ಲೆದರ್. ಅತಿ ಸಣ್ಣ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳನ್ನು ನೇಯದೆ ಒಂದರೊಳಗೊಂದು ಸಿಕ್ಕಿಸಿ ಮಾಡಿದ ತಳ ಅದಕ್ಕಿರುತ್ತದೆ.

0.15 ಮಿಲಿಮೀಟರ್

ಎಷ್ಟು ಲೇಪ ಇದ್ದರೆ ಅದು ಇನ್ನೂ ಚರ್ಮ ಅನ್ನಿಸಿಕೊಳ್ಳುತ್ತದೆ ಎಂಬುದಕ್ಕೆ ಲೆಕ್ಕ ಇದೆ. ಯುರೋಪಿನ ಇಎನ್ 15987 ಎಂಬ ಮಾನದಂಡದ ಪ್ರಕಾರ ಬರೀ ‘ಲೆದರ್’ ಎಂದು ಕರೆಯಬೇಕಾದರೆ ಮೇಲಿನ ಲೇಪ 0.15 ಮಿಲಿಮೀಟರ್ ಮೀರಬಾರದು. ಅದಕ್ಕಿಂತ ಹೆಚ್ಚಿದ್ದು, ಒಟ್ಟು ದಪ್ಪದ ಮೂರನೇ ಒಂದು ಭಾಗದೊಳಗೆ ಇದ್ದರೆ ‘ಕೋಟೆಡ್ ಲೆದರ್’ ಎನ್ನಬೇಕು. ಪುಡಿ ಮಾಡಿ ಅಂಟಿಸಿದ್ದಕ್ಕೆ ಲೆದರ್ ಎನ್ನುವಂತಿಲ್ಲ, ‘ಲೆದರ್ ಫೈಬರ್ ಬೋರ್ಡ್’ ಎಂಬ ಬೇರೆ ಹೆಸರಿದೆ. ಅದಕ್ಕೂ ತೂಕದಲ್ಲಿ ಅರ್ಧದಷ್ಟಾದರೂ ಚರ್ಮದ ನಾರು ಇರಬೇಕು.

ಸೋಫಾಕ್ಕೆ ಕಟ್ಟಿದ ತೊಗಲಿನ ಆಕಾರದ ಚೀಟಿ ನೋಡಿ ಸಮಾಧಾನ ಪಡುವವರು ಬಹಳ. 1994ರ ಯುರೋಪಿನ ಪಾದರಕ್ಷೆ ನಿಯಮದಲ್ಲಿ ಈ ಚಿಹ್ನೆಗಳಿಗೆ ಅರ್ಥ ಕೊಟ್ಟಿದ್ದಾರೆ: ಬರೀ ತೊಗಲಿನ ಆಕಾರ ಇದ್ದರೆ ಚರ್ಮ, ಅದರೊಳಗೆ ಒಂದು ವಜ್ರಾಕೃತಿ ಇದ್ದರೆ ಲೇಪಿತ ಚರ್ಮ, ಬಲೆಯಂಥ ಗುರುತಿದ್ದರೆ ಬಟ್ಟೆ, ಬರೀ ವಜ್ರಾಕೃತಿ ಇದ್ದರೆ ಇತರ ವಸ್ತು. ಆದರೆ ಅದು ಚಪ್ಪಲಿ ಬೂಟಿಗೆ ಮಾಡಿದ ನಿಯಮ. ಸೋಫಾದ ಚೀಟಿಯನ್ನು ತೊಗಲಿನ ಆಕಾರಕ್ಕೆ ಕತ್ತರಿಸಿದ್ದರೆ ಅದು ಅಲಂಕಾರ ಮಾತ್ರವೂ ಆಗಿರಬಹುದು. ಮೇಲೆ ಏನು ಬರೆದಿದೆ ಎಂದು ಓದಬೇಕು.

ಬಗ್ಗಿ ನೋಡುವ ಕೆಲಸ

ಅಂಗಡಿಯಲ್ಲಿ ಕೂತು ಹಿತ ಅನ್ನಿಸಿದ ಮೇಲೆ ಎದ್ದು ಕುಶನ್‌ನ ಜಿಪ್ ಹುಡುಕಿ. ಅದು ಸಾಮಾನ್ಯವಾಗಿ ಹಿಂದೆ ಅಥವಾ ಕೆಳಗೆ ಇರುತ್ತದೆ. ನಾಲ್ಕು ಇಂಚು ತೆರೆದು ಒಳಮಗ್ಗುಲು ನೋಡಿ. ನೇಯ್ದ ಅಥವಾ ಹೆಣೆದ ಬಟ್ಟೆ ಕಂಡರೆ ಅಲ್ಲಿಗೆ ವಿಚಾರಣೆ ಮುಗಿಯಿತು, ಅದು ಕೃತಕ ಅಥವಾ ಬಾಂಡೆಡ್. ಒರಟಾದ, ಸ್ವೀಡಿನಂಥ ನಾರು ಕಂಡರೆ ಮುಂದಿನ ಪ್ರಶ್ನೆ ಉಳಿಯುತ್ತದೆ. ಜಿಪ್ ಇಲ್ಲದಿದ್ದರೆ ಸೋಫಾವನ್ನು ಸ್ವಲ್ಪ ಹಿಂದಕ್ಕೆ ವಾಲಿಸಲು ಹೇಳಿ. ತಳಕ್ಕೆ ಧೂಳು ಹೋಗದಂತೆ ಕಪ್ಪು ತೆಳು ಬಟ್ಟೆ ಹೊಡೆದಿರುತ್ತಾರೆ. ಮೇಲುಹೊದಿಕೆಯನ್ನು ಮಡಿಚಿ ಸ್ಟೇಪಲ್ ಪಿನ್ ಹೊಡೆದ ಜಾಗ ಅದರ ಅಂಚಿನಲ್ಲೇ ಇರುತ್ತದೆ. ಹೊಲಿಗೆಯೊಳಗೆ ಅಡಗದ, ಹಸಿಯಾಗಿ ಕತ್ತರಿಸಿ ಬಿಟ್ಟ ಅಂಚು ಸಿಗುವುದು ಬಹುಶಃ ಅಲ್ಲಿ ಮಾತ್ರ. ‘ಸಾರ್, ಅದೆಲ್ಲ ಯಾಕೆ’ ಎಂದು ಯಾರಾದರೂ ಗೊಣಗಿದರೆ ಖಂಡಿತ ನೋಡಿ.

ಆ ಅಂಚನ್ನು ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದು, ದೊಡ್ಡದು ಮಾಡಿ ನೋಡಿದರೆ ವಿಷಯ ಬಯಲಾಗುತ್ತದೆ. ಗ್ರೇನ್ ಲೆದರ್ ಆದರೆ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಬಣ್ಣದ ಲೇಪ, ಅದರ ಕೆಳಗೆ ಒತ್ತಾದ ನಾರು, ಕೆಳಗಿಳಿದಂತೆ ಸಡಿಲ. ನಡುವೆ ಎಲ್ಲೂ ಕೂಡಿಸಿದ ಗೆರೆ ಇಲ್ಲ. ಬಣ್ಣ ಪೂರ್ತಿ ಇಳಿಯದಿದ್ದರೆ ಮಧ್ಯದಲ್ಲಿ ನೀಲಿ ಬೂದು ಛಾಯೆ ಕಾಣಬಹುದು. ಅದನ್ನು ದೋಷ ಎಂದುಕೊಳ್ಳಬೇಡಿ, ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮದ ಬಣ್ಣವೇ ಅದು. ಜಗತ್ತಿನ ಬಹುಪಾಲು ಚರ್ಮ ಹದವಾಗುವುದು ಹಾಗೇ. ಬೈಕಾಸ್ಟ್ ಆದರೆ ನಾರಿನ ಮೇಲೆ ಬೇರೆಯೇ ಒಂದು ಪೊರೆ ಕೂತಿರುವುದು ಬರಿಗಣ್ಣಿಗೂ ಗೊತ್ತಾಗುತ್ತದೆ. ಪಿಯು, ಪಿವಿಸಿಗಳಲ್ಲಿ ಎರಡು ಮೂರು ಪದರ ಒಂದರ ಮೇಲೊಂದು ಜೋಡಿಸಿದ್ದು ಸ್ಪಷ್ಟವಾಗಿರುತ್ತದೆ, ಎಲ್ಲ ಕಡೆ ಒಂದೇ ದಪ್ಪ.

ಕಷ್ಟ ಕೊಡುವುದು ಮೈಕ್ರೋಫೈಬರ್. ಅದರ ಹಿಂಬದಿಯೂ ಸ್ವೀಡಿನಂತೆಯೇ ಇರುತ್ತದೆ, ಅಂಚೂ ನಾರುನಾರೇ. ಅಂಗಡಿಯವರು ಬಣ್ಣ ಆರಿಸಲು ಕೊಡುವ ಸ್ಯಾಂಪಲ್ ತುಂಡು ಇಲ್ಲಿ ಕೆಲಸಕ್ಕೆ ಬರುತ್ತದೆ. ತುಂಡನ್ನು ಮನೆಗೆ ತಂದು ಹಿಂಬದಿಯಿಂದ ಒಂದು ಚಿಟಿಕೆ ನಾರು ಕೆರೆದು ತೆಗೆಯಿರಿ. ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ನಿಂತು ಉರಿಗೆ ಒಡ್ಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಅದು ಪ್ರೋಟೀನು, ಅಂದರೆ ಚರ್ಮ. ಕರಗಿ ಗಟ್ಟಿ ಮಣಿಯಂತಾದರೆ ನೈಲಾನೋ ಪಾಲಿಯೆಸ್ಟರೋ. ಲೈಟರ್ ಪರೀಕ್ಷೆ ಸುಳ್ಳಲ್ಲ, ಅಂಗಡಿಯವರು ಅದನ್ನು ತಪ್ಪು ಮಗ್ಗುಲಿಗೆ ಮಾಡುತ್ತಾರೆ ಅಷ್ಟೇ. ಅದೇ ತುಂಡಿನ ತುದಿ ಹಿಡಿದು ಹರಿದೂ ನೋಡಿ. ಗ್ರೇನ್ ಲೆದರ್ ಬರಿಗೈಗೆ ಬಗ್ಗುವುದಿಲ್ಲ. ಬಟ್ಟೆಯ ಆಸರೆ ಇಲ್ಲದ ಬಾಂಡೆಡ್ ಹಾಳೆ ಪಟ್ಟನೆ ಹರಿಯುತ್ತದೆ.

ಹೊಲಿಗೆ ಹೇಳುವುದು

ದೊಡ್ಡ ದನದ ಒಂದು ತೊಗಲು ಎಂದರೆ ಸುಮಾರು 50 ಚದರ ಅಡಿ. ಅದೂ ಚೌಕವಾಗಿಲ್ಲ, ಕಾಲು ಕುತ್ತಿಗೆಗಳ ಕಡೆ ವಕ್ರವಕ್ರ, ನಡುನಡುವೆ ಬಿಡಬೇಕಾದ ಕಲೆ, ತೂತು. ಮೂರು ಜನ ಕೂರುವ ಸೋಫಾಕ್ಕೆ ಮೈತುಂಬ ಚರ್ಮ ಹೊದಿಸಲು ಇಂಥ ಹಲವು ತೊಗಲು ಬೇಕು. ಅದಕ್ಕೇ ಚರ್ಮ ಕತ್ತರಿಸುವವನು ಸಣ್ಣ ಸಣ್ಣ ತುಂಡುಗಳಲ್ಲಿ ಯೋಚಿಸುತ್ತಾನೆ. ಬೆನ್ನಿಗೆ ಎರಡು ಮೂರು ಭಾಗ, ಕೈಗೆ ಮುಂದೊಂದು ಪಕ್ಕಕ್ಕೊಂದು, ಹೀಗೆ. ಕೃತಕ ಲೆದರ್ ಬರುವುದು ಸುಮಾರು 54 ಇಂಚು ಅಗಲದ ಉದ್ದನೆಯ ಸುರುಳಿಯಲ್ಲಿ, ಎಷ್ಟು ಬೇಕಾದರೂ ಉದ್ದಕ್ಕೆ ಕತ್ತರಿಸಬಹುದು. ಹಾಗಾಗಿ ಉದ್ದನೆಯ ಸೋಫಾದ ಹಿಂಬದಿ ಈ ತುದಿಯಿಂದ ಆ ತುದಿಗೆ ಒಂದೂ ಜೋಡುಹೊಲಿಗೆ ಇಲ್ಲದೆ ನುಣ್ಣಗೆ ಹರಡಿದ್ದರೆ ಅನುಮಾನ ಪಡಿ. ಹೊಲಿಗೆ ಇದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ರೆಕ್ಸಿನ್‌ಗೆ ಸುಮ್ಮನೆ ಹೊಲಿಗೆ ಹಾಕಲು ಯಾರ ಅಡ್ಡಿಯೂ ಇಲ್ಲ.

ಹಿಂಬದಿಯ ಮಾತು ಬಂದದ್ದಕ್ಕೆ ಹೇಳಬೇಕು, ‘ಲೆದರ್ ಮ್ಯಾಚ್’ ಎಂಬ ಪದ್ಧತಿ ಒಂದಿದೆ. ಮೈ ತಾಗುವ ಕಡೆ, ಅಂದರೆ ಕೂರುವ ಜಾಗ, ಒರಗುವ ಜಾಗ, ಕೈಯ ಮೇಲ್ಭಾಗಕ್ಕೆ ನಿಜವಾದ ಚರ್ಮ. ಪಕ್ಕ ಮತ್ತು ಹಿಂಬದಿಗೆ ಅದೇ ಬಣ್ಣ, ಅದೇ ಅಚ್ಚಿನ ಕೃತಕ ಹಾಳೆ. ಹೇಳಿ ಮಾರಿದರೆ ಇದರಲ್ಲಿ ತಪ್ಪೇನೂ ಇಲ್ಲ. ಗೋಡೆಗೆ ತಾಗಿ ನಿಲ್ಲುವ ಬೆನ್ನಿಗೆ ಫುಲ್ ಗ್ರೇನ್ ಹಾಕುವುದು ದುಂದು ಎಂದು ವಾದಿಸಬಹುದು. ಹೇಳದೆ ಮಾರುವುದು ತಪ್ಪು, ಅದೂ ಪೂರ್ತಿ ಲೆದರಿನ ಬೆಲೆಗೆ. ವರ್ಷಗಳು ಕಳೆದಂತೆ ಚರ್ಮ ಒಂದು ರೀತಿ ಮಾಗುತ್ತದೆ, ಪ್ಲಾಸ್ಟಿಕ್ ಇನ್ನೊಂದು ರೀತಿ, ಎರಡರ ಬಣ್ಣ ಬೇರೆಯಾಗಿ ಕಾಣತೊಡಗುತ್ತದೆ. ಆದ್ದರಿಂದ ಸೋಫಾದ ಒಂದೇ ಜಾಗ ನೋಡಿ ತೀರ್ಮಾನಕ್ಕೆ ಬರಬೇಡಿ. ಸೀಟಿನ ಮೇಲೊಂದು ಕೈ, ಬೆನ್ನಿನ ಹಿಂದೊಂದು ಕೈ ಇಟ್ಟು ಹೋಲಿಸಿ.

ಮುಖದ ಪರೀಕ್ಷೆಗಳಲ್ಲಿ ಉಳಿಯುವುದು

ನೀರಿನ ಹನಿ ಹೀರಿಕೊಂಡು ಜಾಗ ಕಪ್ಪಾದರೆ ಅದು ಲೇಪವಿಲ್ಲದ ಚರ್ಮ ಇರಬಹುದು. ಹೀರದಿದ್ದರೆ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಲೇಪ ಇರುವ ಒಳ್ಳೆಯ ಚರ್ಮವೂ ಹೀರುವುದಿಲ್ಲ. ವಾಸನೆಯನ್ನಂತೂ ನಂಬಲೇಬೇಡಿ, ಚರ್ಮದ ಪರಿಮಳ ಬಾಟಲಿಯಲ್ಲಿ ಸಿಗುತ್ತದೆ. ಮೂಗಿಗೆ ಗಾಢವಾದ ಪ್ಲಾಸ್ಟಿಕ್ ವಾಸನೆ ಹೊಡೆದರೆ ಮಾತ್ರ ಅದು ಪಿವಿಸಿ ಇರಬಹುದು ಎಂಬಷ್ಟು ಸುಳಿವು.

ರೇಖೆಗಳ ವಿಷಯ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಎದ್ದು ಕಾಣುವ ಒಂದು ಗೀರನ್ನೋ ಸುಕ್ಕನ್ನೋ ಗುರುತಿಟ್ಟುಕೊಂಡು, ಅದೇ ಸುಕ್ಕು ಒಂದೆರಡು ಅಡಿ ಆಚೆ ಮತ್ತೆ ಬಂದಿದೆಯೇ ಎಂದು ಹುಡುಕಿ. ಬಂದಿದ್ದರೆ ಅದು ಅಚ್ಚಿನಿಂದ ಒತ್ತಿದ್ದು. ಆದರೆ ಕರೆಕ್ಟೆಡ್ ಗ್ರೇನ್ ಚರ್ಮಕ್ಕೂ ಅಚ್ಚು ಒತ್ತಿರುತ್ತಾರಲ್ಲ, ಹಾಗಾಗಿ ಇದರಿಂದ ‘ಇದು ಫುಲ್ ಗ್ರೇನ್ ಅಲ್ಲ’ ಎಂದು ಹೇಳಬಹುದೇ ಹೊರತು ‘ಇದು ಚರ್ಮವೇ ಅಲ್ಲ’ ಎನ್ನಲಾಗದು. ಫುಲ್ ಗ್ರೇನ್ ಎಂಬ ಹೆಸರಿನಲ್ಲಿ ಹೆಚ್ಚು ದುಡ್ಡು ಕೇಳುತ್ತಿದ್ದರೆ ಮಾತ್ರ ಈ ಹುಡುಕಾಟಕ್ಕೆ ಬೆಲೆ ಇದೆ.

ಯಾಕೆ ಕಿತ್ತು ಬರುತ್ತದೆ

ಅಸಲಿ ನಕಲಿ ಎಂದು ಇಷ್ಟು ತಲೆಕೆಡಿಸಿಕೊಳ್ಳುವುದು ಪ್ರತಿಷ್ಠೆಗಲ್ಲ, ಬಾಳಿಕೆಗೆ. ಪಾಲಿಯುರೆಥೇನ್‌ನ ಕೆಲವು ಬಗೆಗಳನ್ನು ಗಾಳಿಯಲ್ಲಿರುವ ತೇವ ನಿಧಾನವಾಗಿ ಒಡೆಯುತ್ತದೆ. ನೀರಿನ ಅಣು ಅದರ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತ ಹೋಗುತ್ತದೆ, ಇದಕ್ಕೆ ಜಲವಿಚ್ಛೇದನೆ ಎನ್ನುತ್ತಾರೆ. ಶಾಖ ಹೆಚ್ಚಿದ್ದರೆ ಇನ್ನೂ ಬೇಗ. ‘ನಾವು ಅದರ ಮೇಲೆ ಕೂತೇ ಇಲ್ಲ, ಆದ್ರೂ ಕಿತ್ತು ಬಂತು’ ಎಂದು ಜನ ಬೇಸರಪಡುವುದು ಇದಕ್ಕೇ. ಅತಿಥಿಗಳ ಕೋಣೆಯಲ್ಲಿ ಹೊದಿಸಿಟ್ಟ ಸೋಫಾವೂ ತೇವದಿಂದ ತಪ್ಪಿಸಿಕೊಳ್ಳುವುದಿಲ್ಲ. ಎಸ್ಟರ್ ಆಧಾರಿತ ಪಾಲಿಯುರೆಥೇನ್ ಇದಕ್ಕೆ ಹೆಚ್ಚು ಬಲಿ, ಪಾಲಿಕಾರ್ಬೊನೇಟ್ ಆಧಾರಿತದ್ದು ಹೆಚ್ಚು ತಡೆಯುತ್ತದೆ. ಪಿವಿಸಿಯ ರೋಗ ಬೇರೆ: ಅದನ್ನು ಮೆತ್ತಗೆ ಇಡಲು ಸೇರಿಸಿದ ಪ್ಲಾಸ್ಟಿಸೈಜರ್ ಕಾಲಕ್ರಮೇಣ ಹೊರಗೆ ಸೋರಿಹೋಗಿ ಹಾಳೆ ಬಿರುಸಾಗುತ್ತದೆ, ಬಿರುಕು ಬಿಡುತ್ತದೆ.

ಚರ್ಮವೂ ಹಾಳಾಗುತ್ತದೆ. ಬಿಸಿಲು ಬಿದ್ದರೆ ಮಾಸುತ್ತದೆ, ತಲೆ ಒರಗುವ ಜಾಗ ಎಣ್ಣೆ ಬೆವರಿಗೆ ಕಪ್ಪಾಗುತ್ತದೆ, ಒಣಗಿದರೆ ಸಣ್ಣ ಬಿರುಕು ಬೀಳುತ್ತದೆ. ಆದರೆ ಸಿಪ್ಪೆಯಂತೆ ಸುಲಿದು ಬರುವುದಿಲ್ಲ, ಬರಲು ಅಲ್ಲಿ ಅಂಟಿಸಿದ ದಪ್ಪ ಪೊರೆಯೇ ಇಲ್ಲ. ಸವೆದ ಜಾಗವನ್ನು ತೊಳೆದು, ತುಂಬಿ, ಮತ್ತೆ ಬಣ್ಣ ಹಚ್ಚಬಹುದು. ಹಪ್ಪಳೆ ಎದ್ದ ಪಿಯುವಿಗೆ ಹೊದಿಕೆಯನ್ನೇ ಬದಲಿಸದೆ ಬೇರೆ ದಾರಿ ಇಲ್ಲ.

ಇಷ್ಟಾದರೂ ಕೃತಕ ಎಂದ ಕೂಡಲೇ ಮೂಗು ಮುರಿಯಬೇಕಿಲ್ಲ. ಪ್ರಾಣಿಯ ಚರ್ಮ ಬೇಡ ಎನ್ನುವವರಿಗೆ, ಬೆಲೆ ನೋಡಿ ಕೊಳ್ಳುವವರಿಗೆ ಒಳ್ಳೆಯ ಮೈಕ್ರೋಫೈಬರ್ ಸೋಫಾ ಚೆನ್ನಾಗಿಯೇ ಬಾಳುತ್ತದೆ. ಬೈಕಾಸ್ಟ್ ಅಥವಾ ಬಾಂಡೆಡ್‌ಗೆ ಕೊಡುವ ದುಡ್ಡಿನಲ್ಲಿ ಅದನ್ನೇ ತೆಗೆದುಕೊಳ್ಳಿ ಎನ್ನುವವನು ನಾನು. ಆ ಎರಡರಲ್ಲಿ ಚರ್ಮ ಎಂಬ ಹೆಸರಿಗೆ ದುಡ್ಡು ಕೊಟ್ಟು, ಕೊನೆಗೆ ಕೂರುವುದು ಪ್ಲಾಸ್ಟಿಕ್ ಮೇಲೆ.

ಬಿಲ್ಲಿಗೆ ಬರಬೇಕಾದ ಮಾತು

ಅಂಗಡಿಯಲ್ಲಿ ‘ಇದು ಲೆದರ್ರಾ?’ ಎಂದು ಕೇಳಿದರೆ ಎಲ್ಲಿ ಹೋದರೂ ಹೌದು ಎಂಬ ಉತ್ತರವೇ. ಬದಲಿಗೆ ಹೀಗೆ ಕೇಳಿ: ಗ್ರೇನ್ ಲೆದರ್ರೋ ಸ್ಪ್ಲಿಟ್ಟೋ? ಎಲ್ಲ ಕಡೆ ಚರ್ಮವೋ, ಮೈ ತಾಗುವ ಕಡೆ ಮಾತ್ರವೋ? ಪಕ್ಕ, ಹಿಂಬದಿಗೆ ಏನು ಹಾಕಿದ್ದೀರಿ? ಕೃತಕವಾದರೆ ಪಿವಿಸಿಯೋ, ಪಿಯುವೋ, ಮೈಕ್ರೋಫೈಬರೋ? ಬಂದ ಉತ್ತರವನ್ನು ಅದೇ ಪದಗಳಲ್ಲಿ ಬಿಲ್ಲಿನ ಮೇಲೆ ಬರೆಸಿ. ಬಾಯಲ್ಲಿ ‘ಹಂಡ್ರೆಡ್ ಪರ್ಸೆಂಟ್ ಲೆದರ್’ ಅಂದವರು ಬರೆಯುವಾಗ ಬರೀ ‘ಸೋಫಾ ಸೆಟ್ 3+1+1’ ಎಂದು ಮುಗಿಸುವುದು ಮಾಮೂಲು. ಅಲ್ಲೇ ತಡೆಯಿರಿ. ವಾರಂಟಿ ಎಷ್ಟು ವರ್ಷ ಎನ್ನುವುದರ ಜೊತೆಗೆ ಅದು ಯಾವುದಕ್ಕೆ ಎಂದೂ ಓದಿ. ದೊಡ್ಡ ಅಕ್ಷರದ ವರ್ಷಗಳು ಹೆಚ್ಚಾಗಿ ಮರದ ಚೌಕಟ್ಟಿಗೆ, ಹೊದಿಕೆಯ ಲೆಕ್ಕ ಬೇರೆ ಇರುತ್ತದೆ. ‘ಸಿಪ್ಪೆ ಏಳುವುದು ವಾರಂಟಿಗೆ ಸೇರಿಲ್ಲ’ ಎಂಬ ಸಾಲು ಕಂಡರೆ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿದಂತೆ.

ಆರ್ಡರ್ ಕೊಟ್ಟು ಮಾಡಿಸುವುದಾದರೆ ಆರಿಸಿದ ಸ್ಯಾಂಪಲ್ ತುಂಡಿನ ಹಿಂಬದಿಯಲ್ಲಿ ಅಂಗಡಿಯವರಿಂದ ಸಹಿ, ತಾರೀಕು ಹಾಕಿಸಿ ಬಿಲ್ಲಿನ ಜೊತೆ ಪಿನ್ ಮಾಡಿಟ್ಟುಕೊಳ್ಳಿ. ಸೋಫಾ ಮನೆಗೆ ಬಂದ ದಿನ, ಇಳಿಸಿದವರು ಹೊರಡುವ ಮುಂಚೆ, ಆ ತುಂಡನ್ನು ಸೀಟು, ಪಕ್ಕ, ಬೆನ್ನು ಮೂರರ ಅಂಚಿನ ಜೊತೆಗೂ ಹಿಡಿದು ನೋಡಿ.